ಬೈಗುಳಕ್ಕೆ ಪಿ-ವ್ಯಾಲ್ಯೂ ಇಲ್ಲ

ಹಾಸನದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿ ಇದೆ. ಯಾವುದು ಅಂತ ಹುಡುಕಲು ಹೋಗಬೇಡಿ. ಗೋಡೆ, ಶೀಟು, ಗೇಟು, ಮ್ಯಾನೇಜರು ಎಲ್ಲವನ್ನೂ ನಾನೇ ಕಟ್ಟಿದ್ದು. ಒಳಗೆ ನಡೆಯುವುದು ಮಾತ್ರ ನನ್ನ ಸ್ವಂತದ್ದಲ್ಲ.

ಅಲ್ಲಿ ಜನ ನಿಲ್ಲುತ್ತಿಲ್ಲ. ಆಲೂರು, ದುದ್ದ, ಹೊಳೆನರಸೀಪುರದ ಕಡೆಯಿಂದ ಕಂಪನಿ ಬಸ್ಸಿನಲ್ಲಿ ಬರುವ ಟೇಲರ್‌ಗಳು ನಾಲ್ಕು ಸಂಬಳ ಎಣಿಸಿ ಮಾಯ. ಯಾಕಮ್ಮಾ ಬಿಡ್ತೀಯಾ ಅಂತ ಕೇಳಬಹುದಿತ್ತು. ಕೇಳಿದರೆ ಎಲ್ಲಿ ಹೇಳಿಬಿಡುತ್ತಾರೋ ಎಂಬ ಭಯಕ್ಕೋ ಏನೋ, ಮ್ಯಾನೇಜ್‌ಮೆಂಟು ಬೆಂಗಳೂರಿನಿಂದ ಅಂಕಿಅಂಶ ಅಗೆದು ಕಾರಣ ಹುಡುಕುವ ಒಬ್ಬ ಅನಾಲಿಟಿಕ್ಸ್ ಸಾಹೇಬರನ್ನು ಕರೆಸಿತು.

ಸಾಹೇಬರು ಈ ವಿದ್ಯೆ ಕಲಿತದ್ದು ಐಬಿಎಂ ಎಂಬ ಕಂಪ್ಯೂಟರ್ ಕಂಪನಿಯವರು ಮಾಡಿಟ್ಟ ಡೇಟಾದಲ್ಲಿ. ಕಲಿಯುವ ಹುಡುಗರ ನಡುವೆ ಅದು ಬಹಳ ಫೇಮಸ್ಸು. 1,470 ನೌಕರರು, 35 ಕಾಲಂ, ಕೆಲಸ ಬಿಟ್ಟವರು 237. ಇವರಲ್ಲಿ ಒಬ್ಬರೂ ಭೂಮಿಯ ಮೇಲೆ ಇಲ್ಲ. ಇದು ಕಾಲ್ಪನಿಕ ಎಂದು ಮಾಡಿದವರೇ ಹೇಳಿದ್ದಾರೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ನಾವು ನೋಡಿದ್ದೇವೆ. ಇಲ್ಲಿ ಹುಟ್ಟದ ಕೂಸು ಮನೆ ಬಿಟ್ಟು ಯಾಕೆ ಓಡಿತು ಎಂದು ಕಂಡುಹಿಡಿದವರಿಗೆ ಸರ್ಟಿಫಿಕೇಟ್ ಬೇರೆ!

ಆದರೂ ಹುಟ್ಟದವರು ಒಂದು ಮಾತು ಸರಿಯಾಗೇ ಹೇಳಿದ್ದಾರೆ. ಓಟಿ, ಅಂದರೆ ಓವರ್‌ಟೈಮ್ ಮಾಡಿದ 416 ಜನರಲ್ಲಿ 127 ಮಂದಿ ಬಿಟ್ಟು ಹೋದರು. ಓಟಿ ಇಲ್ಲದ 1,054 ಜನರಲ್ಲಿ ಹೋದವರು 110. ಅಲ್ಲಿ ನೂರಕ್ಕೆ ಮೂವತ್ತು, ಇಲ್ಲಿ ನೂರಕ್ಕೆ ಹತ್ತು. ಕಾರ್ಲ್ ಪಿಯರ್ಸನ್ 1900ರಲ್ಲಿ ಕೊಟ್ಟ ಕೈ-ಸ್ಕ್ವೇರ್ ಟೆಸ್ಟಿಗೆ ಹಾಕಿದರೆ, ಇಷ್ಟು ವ್ಯತ್ಯಾಸ ಸುಮ್ನೆ ಅದೃಷ್ಟದಿಂದ ಬರುವುದಲ್ಲ ಎಂದು ಅದು ಹೇಳುತ್ತದೆ.

ಸಾಹೇಬರು ಅದೇ ಟೆಸ್ಟನ್ನು ನಮ್ಮ ಫ್ಯಾಕ್ಟರಿಗೆ ಹಾಕಿದರು. ಉತ್ತರವೇ ಬರಲಿಲ್ಲ. ಯಾಕೆಂದರೆ ಇಲ್ಲಿ ಓಟಿ ಮಾಡದವರೇ ಇಲ್ಲ. ಟಾರ್ಗೆಟ್ ಮುಗಿಯುವ ತನಕ ಬಸ್ಸು ಹೊರಡುವುದಿಲ್ಲ. ಬಸ್ಸು ಹೊರಡದೆ ದುದ್ದಕ್ಕೆ ನಡೆದು ಹೋಗಲು ಆಗುತ್ತಾ? ಕಾಲಂ ತುಂಬಾ ‘ಹೌದು’, ‘ಹೌದು’, ‘ಹೌದು’. ಹೋಲಿಸಿ ನೋಡಲು ಒಂದಾದರೂ ‘ಇಲ್ಲ’ ಬೇಡವಾ? ಹಾಗಾಗಿ ರಿಪೋರ್ಟಿನಲ್ಲಿ ಬರೆದರು: ಓಟಿಗೂ ಕೆಲಸ ಬಿಡುವುದಕ್ಕೂ ಸಂಬಂಧ ಕಂಡುಬಂದಿಲ್ಲ. ಮ್ಯಾನೇಜರು ಆ ಪುಟವನ್ನು ಲ್ಯಾಮಿನೇಟ್ ಮಾಡಿಸಿದರು. ಓಟಿಗೆ ದುಪ್ಪಟ್ಟು ಕೂಲಿ ಎಂದು 1948ರ ಕಾರ್ಖಾನೆ ಕಾಯ್ದೆಯ ಕಾಲದಿಂದ ಕಾನೂನಿದೆ. ಅದನ್ನು ಕೇಳುವ ಕಾಲಂ ಇರಲಿಲ್ಲ ಬಿಡಿ.

ಮುಂದಿನ ಕಾಲಂ, ಸೂಪರ್‌ವೈಸರ್ ಬೈಯುತ್ತಾರಾ? ಎಲ್ಲ ಲೈನಿನಲ್ಲೂ ಹೌದು. ಹೆಲ್ಪರ್‌ಗೂ ಹೌದು, ಹತ್ತು ವರ್ಷದ ಟೇಲರ್‌ಗೂ ಹೌದು, ಬಾತ್‌ರೂಮಿಗೆ ಎದ್ದವರಿಗೆ ಜಾಸ್ತಿ ಹೌದು. ಒಂದೇ ಲೈನಿಗೆ ಬೈದಿದ್ದರೆ ಸಿಕ್ಕಿಬೀಳುತ್ತಿದ್ದರು. ಯಾರನ್ನೂ ಬಿಡದೆ ಬೈದು ಬಚಾವಾದರು. ಸಂಬಂಧ ಕಂಡುಬಂದಿಲ್ಲ. ಇನ್ನೊಂದು ಲ್ಯಾಮಿನೇಷನ್.

ಆದರೆ ಏನೂ ಸಿಗಲಿಲ್ಲ ಎಂದು ಬರೆದುಕೊಟ್ಟರೆ ಸಾಹೇಬರ ಬಿಲ್ಲು ಪಾಸಾಗಬೇಕಲ್ಲ! ಐಡಿ ಕಾರ್ಡಿನಲ್ಲಿ ಇರುವುದನ್ನೆಲ್ಲ ಎಕ್ಸೆಲ್ಲಿಗೆ ಸುರಿದರು. ಹುಟ್ಟಿದ ತಿಂಗಳು, ಎತ್ತರ, ಇನಿಷಿಯಲ್, ಬಸ್ ನಂಬರ್, ರಕ್ತದ ಗುಂಪು. ಪಿ-ವ್ಯಾಲ್ಯೂ ಅಂದರೆ, ಯಾವ ಸಂಬಂಧವೂ ಇಲ್ಲದಿದ್ದರೂ ಇಷ್ಟು ಅಥವಾ ಇನ್ನೂ ಹೆಚ್ಚಿನ ವ್ಯತ್ಯಾಸ ಸುಮ್ನೆ ಅದೃಷ್ಟದಿಂದ ಬರುವ ಸಂಭವ. ಅದು 0.05ಕ್ಕಿಂತ ಕಡಿಮೆ ಬಂದರೆ ಲೆಕ್ಕಕ್ಕೆ ತಗೊಳ್ಳಿ ಎಂಬ ರೂಢಿಗೆ ಬೇರು ರೊನಾಲ್ಡ್ ಫಿಶರ್ 1925ರಲ್ಲಿ ಬರೆದ ಪುಸ್ತಕದಲ್ಲಿದೆ. ಅದೇ ಗೆರೆ ಇಟ್ಟುಕೊಂಡು, ಯಾವ ಸಂಬಂಧವೂ ಇಲ್ಲದ 20 ಸಂಗತಿಗಳನ್ನು ಬೇರೆ ಬೇರೆಯಾಗಿ ಪರೀಕ್ಷಿಸಿದರೆ, ಒಂದಾದರೂ ಸುಳ್ಳುಸುಳ್ಳೇ ಪಾಸಾಗುವ ಸಂಭವ ನೂರಕ್ಕೆ 64. ಸಾಹೇಬರಿಗೆ ಪಾಸಾಗಿದ್ದು ರಕ್ತದ ಗುಂಪು. ಓ ಪಾಸಿಟಿವ್‌ನವರು ಹೆಚ್ಚು ಬಿಡುತ್ತಾರಂತೆ, ಪಿ-ವ್ಯಾಲ್ಯೂ 0.04. ಈಗ ಗೇಟಿನಲ್ಲಿ ಟೇಲರಿಂಗ್ ಬರುತ್ತಾ ಅಂತ ಕೇಳುವುದಕ್ಕೆ ಮುಂಚೆ ಸೂಜಿ ಚುಚ್ಚುತ್ತಾರೆ.

ಟೆಸ್ಟುಗಳನ್ನು ಬೈದು ಏನು ಪ್ರಯೋಜನ, ಅವು ಕೇಳಿದ್ದಕ್ಕೆ ಉತ್ತರ ಕೊಡುತ್ತವೆ. ಎರಡು ಗುಂಪಿನ ಸರಾಸರಿ ಹೋಲಿಸುವ ಟಿ-ಟೆಸ್ಟನ್ನೇ ನೋಡಿ. 1908ರಲ್ಲಿ ಅದನ್ನು ಕೊಟ್ಟ ವಿಲಿಯಂ ಗಾಸೆಟ್ ಗಿನ್ನೆಸ್ ಬಿಯರ್ ಕಂಪನಿಯ ನೌಕರ. ಸ್ವಂತ ಹೆಸರಲ್ಲಿ ಪ್ರಕಟಿಸಲು ಕಂಪನಿ ಬಿಡದೆ, ‘ಸ್ಟೂಡೆಂಟ್’ ಎಂಬ ಹೆಸರಲ್ಲಿ ಬರೆದ. ಆದರೂ 1937ರಲ್ಲಿ ಸಾಯುವ ತನಕ ಅದೇ ಕಂಪನಿಯಲ್ಲಿ ಇದ್ದ. ನಮ್ಮ ಸಾಹೇಬರ ಕೈಗೆ ಸಿಕ್ಕಿದ್ದರೆ ಮೊದಲು ಅವನ ರಕ್ತ ಪರೀಕ್ಷೆ.

ಇನ್ನು ಇಲ್ಲದ ಕಾಲಂಗಳ ವಿಷಯ. ಐಬಿಎಂ ಪಟ್ಟಿಯಲ್ಲಿ ಈಗಿನ ಮ್ಯಾನೇಜರ್ ಕೈಕೆಳಗೆ ಎಷ್ಟು ವರ್ಷ ಎಂದು ಇದೆ, ಆತ ಹೇಗೆ ಮಾತಾಡುತ್ತಾನೆ ಎಂದಿಲ್ಲ. ಕಂಪನಿ ಶೇರಿನ ಲೆಕ್ಕ ಇದೆ. ನಮ್ಮ ಆಲೂರಿನ ಟೇಲರ್ ಆ ಪ್ರಶ್ನೆಗೆ ಶೇರ್ ಆಟೋ ಎಂದುಕೊಂಡು ಹತ್ತು ರೂಪಾಯಿ ಅಂತ ಬರೆದಳು. ಡಿಸೆಂಬರಿನಲ್ಲಿ ಆಲೂರು, ಸಕಲೇಶಪುರದ ಕಡೆ ಕಾಫಿ ಕೊಯ್ಲು ಶುರುವಾಗುತ್ತದೆ, ಶುಂಠಿ ಕೀಳುವವರಿಗೂ ಕೂಲಿ ಸಿಗುತ್ತದೆ. ಅದಕ್ಕೆ ಕಾಲಂ ಇಲ್ಲ. ಮಗಳ ಫೀಸಿಗೆ ಪಿಎಫ್ ದುಡ್ಡು ಬಿಡಿಸಿಕೊಳ್ಳಲೆಂದೇ ರಾಜೀನಾಮೆ ಕೊಡುವವರಿದ್ದಾರೆ. 2016ರ ಏಪ್ರಿಲ್‌ನಲ್ಲಿ ಪಿಎಫ್ ತೆಗೆಯುವ ನಿಯಮ ಬಿಗಿ ಮಾಡಲು ಹೋದಾಗ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ರಸ್ತೆಗೆ ಇಳಿದರು, ಕೇಂದ್ರ ಸರ್ಕಾರ ಅದನ್ನು ವಾಪಸ್ ತಗೊಂಡಿತು. ಅಷ್ಟು ದೊಡ್ಡ ಸಂಗತಿ ಇಲ್ಲಿನ ಫಾರಂನಲ್ಲಿ ಒಂದೇ ಟಿಕ್ ಮಾರ್ಕು: ‘ವೈಯಕ್ತಿಕ ಕಾರಣ’.

ಕೊನೆಗೆ ಸಾಹೇಬರಿಗೇ ಅನುಮಾನ ಬಂತು. ಒಂದು ತಿಂಗಳು ಮೂರನೇ ಲೈನಿಗೆ ಮಾತ್ರ ಬೈಯದೆ ನೋಡೋಣ, ಆಗ ಹೋಲಿಕೆ ಸಿಗುತ್ತದೆ ಎಂದರು. ಮೀಟಿಂಗಿನಲ್ಲಿ ಸೂಪರ್‌ವೈಸರ್‌ಗಳು ಮುಖ ಮುಖ ನೋಡಿಕೊಂಡರು. “ಸಾರ್, ಬೈಯದೆ ಪೀಸ್ ಹೇಗೆ ಕೇಳೋದು ಅಂತ ನಮಗೆ ಯಾರೂ ಹೇಳಿಕೊಟ್ಟಿಲ್ವಲ್ಲ” ಎಂದ ಒಬ್ಬ ಹಳಬ. ನ್ಯಾಯವಾದ ಮಾತೇ. ಮ್ಯಾನೇಜರು ಅವರಿಗೆಲ್ಲ ಟ್ರೈನಿಂಗ್ ಇಟ್ಟಿದ್ದಾರೆ. ಭಾನುವಾರ ಬೆಳಿಗ್ಗೆ ಎಂಟಕ್ಕೆ, ಓಟಿ ಇಲ್ಲ. ಬರದವರಿಗೆ ಸೋಮವಾರ ಇದೆ ಎಂದು ಮೈಕಿನಲ್ಲೇ ಕೂಗಿ ಹೇಳಿದ್ದಾರೆ.