ಆರು ಮಿಲಿಮೀಟರ್ ಸೈನಿಕನ ಕಾಲರ್

ಮೇಜಿನ ಮೇಲೆ ಆಡುವ ಯುದ್ಧದಾಟಕ್ಕೆ ನಾನು ಬಣ್ಣ ಬಳಿಯುವ ಆರು ಮಿಲಿಮೀಟರ್ ಎತ್ತರದ ಗೊಂಬೆ ಸೈನಿಕನಿಗೆ ಮುಖ ಅನ್ನೋದು ಒಂದು ಚುಕ್ಕೆ. ಕಣ್ಣು, ಮೂಗು, ಸಿಟ್ಟು, ಸೆಡವು ಎಲ್ಲ ಅದರಲ್ಲೇ ಅಡಕ. ಆದರೂ 1815ರ ಬ್ರಿಟಿಷ್ ಪದಾತಿ ದಳ ಅಂದ ಮೇಲೆ ಸುಮ್ನೆ ಕೆಂಪು ಬಳಿದು ಕೈ ತೊಳೆದುಕೊಳ್ಳುವ ಹಾಗಿಲ್ಲ. ಕಾಲರಿಗೆ, ತೋಳಿನ ತುದಿಗೆ ರೆಜಿಮೆಂಟಿಗೊಂದು ಬಣ್ಣ. 44ನೆಯದಕ್ಕೆ ಹಳದಿ, 42ಕ್ಕೆ ಕಡುನೀಲಿ, 73ಕ್ಕೆ ಕಡುಹಸಿರು. ಮುಂದೊಂದು ದಿನ ಯಾರೋ ಭೂತಗನ್ನಡಿ ಹಿಡಿದು, ಉಸಿರು ಬಿಗಿಹಿಡಿದು ಇದನ್ನೆಲ್ಲ ಬಳಿಯುತ್ತಾ ಕೂರ್ತಾರೆ ಅಂತ ಆ ಸೇನೆಯವರಿಗೇನು ಗೊತ್ತು, ಪಾಪ.

ಬಣ್ಣ ಮುಗಿದರೆ ವಾರ್ನಿಷ್. ಗಾಳಿಯಲ್ಲಿ ತೇವ ಜಾಸ್ತಿಯಿದ್ದ ದಿನ ಮ್ಯಾಟ್ ವಾರ್ನಿಷ್ ಸ್ಪ್ರೇ ಒಣಗುತ್ತಾ ಬೆಳ್ಳಗಾಗುತ್ತದೆ. 1812ರಲ್ಲಿ ಮಾಸ್ಕೋಗೆ ಹೋಗಿದ್ದು ಫ್ರೆಂಚರು. ಹಿಮ ಬಿದ್ದದ್ದು ಮಾತ್ರ ನನ್ನ ಬ್ರಿಟಿಷರ ಮೇಲೆ.

ಆಮೇಲೆ ಸೂಪರ್ ಗ್ಲೂ. ಸೈನಿಕರನ್ನು ನಿಲ್ಲಿಸುವ ಬೇಸ್‌ಗೆ ಹಚ್ಚಿದರೆ ಹಿಡಿಯಲ್ಲ, ಬೆರಳಿಗೆ ತಾಗಿದರೆ ಬಿಡಲ್ಲ. ನನ್ನ ಸೈನಿಕರು ಒಂದು ಪಟ್ಟಿಗೆ ನಾಲ್ಕು ಜನ. ಪಟ್ಟಿ ಹೆಬ್ಬೆರಳಿಗೆ ಕಚ್ಚಿಕೊಂಡ ಹೊತ್ತಿಗೇ ಫೋನು ಬರಬೇಕೆ? ನಾಲ್ವರನ್ನೂ ಕಿವಿಯ ಹತ್ತಿರ ಇಟ್ಟುಕೊಂಡೇ ಮಾತಾಡಿದೆ. ಮಾತು ಮುಗಿದಾಗ ಅವರಲ್ಲಿಬ್ಬರು ಕೂದಲನ್ನೂ ವಶಪಡಿಸಿಕೊಂಡಿದ್ದರು.

ಇಷ್ಟೆಲ್ಲ ಬರೀ ಪೀಠಿಕೆ. ನಿಜವಾದ ಯುದ್ಧ ನಡೆಯೋದು ಸ್ಟ್ಯಾಟಿಕ್ ಗ್ರಾಸ್ ಅನ್ನೋ ನಕಲಿ ಹುಲ್ಲಿನ ಜೊತೆ. ಬೇಸ್ ಮೇಲೆ ನೀರು ಬೆರೆಸಿದ ಬಿಳಿ ಅಂಟು, ಮೇಲೆ ಮರಳು, ಅದು ಒಣಗಿದ ಮೇಲೆ ಮಣ್ಣಿನ ಬಣ್ಣ. ಇಲ್ಲಿಯವರೆಗೆ ಸುಖ. ಹುಲ್ಲು ಅಂದರೆ ನೈಲಾನ್ ಎಳೆಗಳು. ವಿದ್ಯುತ್ ಚಾರ್ಜ್ ಕೊಟ್ಟು ಉದುರಿಸಿದರೆ ಅಂಟಿನ ಮೇಲೆ ನೆಟ್ಟಗೆ ನಿಲ್ಲುತ್ತವೆ ಅನ್ನೋದು ಸಿದ್ಧಾಂತ. ಅವು ನನ್ನ ಅಂಗಿಯ ತೋಳಿನ ಮೇಲೂ ನೆಟ್ಟಗೇ ನಿಂತವು. ಹುಬ್ಬಿನ ಮೇಲೂ. ಇನ್ನೂ ಹಸಿ ಇದ್ದ ಅಂಟು ಕೆಲವು ಮುಖಗಳಿಗೂ ಸಿಡಿದಿತ್ತು. ಆ ಕಾಲದ ಬ್ರಿಟಿಷ್ ಪದಾತಿಗಳ ಸಾಲಿನಲ್ಲಿ ಗಡ್ಡ ಇರುತ್ತಿರಲಿಲ್ಲ. ನನ್ನವರಿಗೆ ಬಂತು, ಅದೂ ಹಸಿರು ಗಡ್ಡ. ಚಿಮಟದಲ್ಲಿ ಒಂದೊಂದೇ ಎಳೆ ಕಿತ್ತು ಕ್ಷೌರ ಮಾಡಿದೆ.

ಕೊನೆಗೂ 44ನೇ ರೆಜಿಮೆಂಟು ಹಳದಿ ಕಾಲರಿನಲ್ಲಿ ಮೇಜಿನ ಮೇಲೆ ನಿಂತಿತು. ಆಟಕ್ಕೆ ಬಂದ ಗೆಳೆಯನಿಗೆ ಇತಿಹಾಸ ಕಂಠಪಾಠ. ಕಾಲರ್ ಕಡೆ ಕಣ್ಣೆತ್ತಿಯೂ ನೋಡಲಿಲ್ಲ.

"ಇದು ವಾಟರ್ಲೂಗೆ ಎರಡು ದಿನ ಮುಂಚಿನ ಕಾತ್ರ್ ಬ್ರಾ ಕದನ ಅಲ್ವೇನೋ? ಜೂನ್ 16?"

"ಹೌದು."

"ಮತ್ತೆ ಈ ಲಾನ್ ಯಾಕೆ ಬೆಳೆಸಿದೀಯ ಮಾರಾಯ? ಅಲ್ಲಿ ಆಳೆತ್ತರದ ರೈ ಬೆಳೆ ಇತ್ತು. ಈಟಿ ಹಿಡಿದ ಫ್ರೆಂಚ್ ಕುದುರೆ ಸವಾರರು ಅದರ ಮರೆಯಲ್ಲೇ ಮೇಲೆ ಬಿದ್ದಿದ್ದು."

ಮಾತು ಸರಿಯೇ. ಆಳೆತ್ತರ ಅಂದರೆ ನಮ್ಮ ಅಳತೆಗೆ ಆರು ಮಿಲಿಮೀಟರ್. ಆ ಉದ್ದದ ಗ್ರಾಸ್ ಬೇರೆ ಮಾರಾಟಕ್ಕಿದೆ, ನೆಪ ಹೇಳುವಂತಿಲ್ಲ. ತರಿಸಿ ಅಂಟಿಸಿದೆ. ಕಾಲರ್ ಹೋಯಿತು, ತೋಳು ಹೋಯಿತು, ಕ್ಷೌರ ಮಾಡಿದ ಮುಖಗಳೂ ಹೋದವು. ಉಳಿದದ್ದು ಕಪ್ಪು ಟೋಪಿಗಳ ತುದಿ.

ಮುಂದಿನ ರೆಜಿಮೆಂಟಿಗೆ ಕಪ್ಪು ಬಣ್ಣವೊಂದನ್ನೇ ತರಿಸಿದ್ದೇನೆ.