ಮೇಲೆ ಹಸಿರು, ಕೆಳಗೆ ಕೆಸರು

ಕೃತಕ ಹುಲ್ಲು ಹಾಕಿಸೋಣ ಅಂತಿದ್ದೀವಿ, ಹೇಗೆ ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ ಮಾತು. ನಿಮ್ಮ ಹಿತ್ತಲಿನದು ಜೇಡಿಮಣ್ಣಾ? ಹೌದು ಅಂದರೆ, ಹುಲ್ಲಿನ ಸ್ಯಾಂಪಲ್ ನೋಡುವುದನ್ನು ಸದ್ಯಕ್ಕೆ ಬಿಡಿ ಅನ್ನುತ್ತೇನೆ. ಸುಮ್ನೆ ಹೆದರಿಸುತ್ತಿಲ್ಲ. ಒಂದು ಸಲ ಹಾಸಿಸಿ, ಕಿತ್ತು, ಮತ್ತೆ ಹಾಸಿಸಿದವನು ನಾನು.

ನಮ್ಮಲ್ಲಿ ಕೆಲಸ ಹಿಡಿದವರು ಮೊದಲ ದಿನ ಒಂದು ತುಂಡು ಹುಲ್ಲನ್ನು ಎತ್ತಿ ಹಿಡಿದು, ಮೇಲೆ ಒಂದು ಜಗ್ ನೀರು ಸುರಿದು ತೋರಿಸಿದ್ದರು. ಹಿಂಬದಿಯ ತೂತುಗಳಿಂದ ನೀರು ಸರ್ರನೆ ಇಳಿದುಹೋಯಿತು. "ನೋಡಿ ಸರ್, ಎಂಥಾ ಮಳೆ ಬಂದರೂ ನಿಲ್ಲಲ್ಲ" ಅಂದರು. ನಾನೂ ತಲೆಯಾಡಿಸಿದೆ. ಇಳಿದ ನೀರು ಆಮೇಲೆ ಎಲ್ಲಿಗೆ ಹೋಗುತ್ತೆ ಅಂತ ಕೇಳಬೇಕು ಅನ್ನಿಸಲೇ ಇಲ್ಲ. ಅವರ ಕೈಯಲ್ಲಿದ್ದ ತುಂಡಿನ ಕೆಳಗೆ ಇದ್ದದ್ದು ಗಾಳಿ. ನಮ್ಮ ಹಿತ್ತಲಲ್ಲಿ ಇದ್ದದ್ದು ಜೇಡಿ.

ಮೊದಲ ಜೋರು ಮಳೆಗೇ ಗೊತ್ತಾಯಿತು. ಕಾಲಿಟ್ಟರೆ ಪಚಕ್ ಪಚಕ್. ಹೆಜ್ಜೆ ಊರಿದ ಕಡೆ ಎಳೆಗಳ ಸಂದಿಯಿಂದ ಕಂದು ನೀರು ಉಕ್ಕುತ್ತಿತ್ತು. ಮೂರು ದಿನ ಬಿಸಿಲು ಬಿದ್ದರೂ ಹಾಗೇ. ನಾಲ್ಕನೇ ದಿನ ವಾಸನೆ ಶುರು. ಮನೆಯಲ್ಲಿ ನಾಯಿ ಬೇರೆ ಇದೆ, ಅದರ ಉಚ್ಚೆಯೂ ಅದೇ ನೀರಿನಲ್ಲಿ ನಿಂತಿತ್ತು. ಮೂಲೆಯ ಮೊಳೆ ಕಿತ್ತು ಹುಲ್ಲು ಎತ್ತಿ ನೋಡಿದೆ. ಹಾಕಿದ್ದ ಜಲ್ಲಿ ಎರಡು ಬೆರಳು ದಪ್ಪ. ಅದರಲ್ಲೂ ಅರ್ಧ ಜೇಡಿಯೊಳಗೆ ಮುಳುಗಿ, ಕಲಸಿಟ್ಟ ಹಾಗಿತ್ತು. ಬೆರಳು ಅದ್ದಿದರೆ ಅಂಟು.

ಜೇಡಿಯ ಕಣ 0.002 ಮಿ.ಮೀ.ಗಿಂತಲೂ ಸಣ್ಣದು. ಕಣ ಅಷ್ಟು ಸಣ್ಣದಾದರೆ ನಡುವಿನ ಸಂದಿಯೂ ಸಣ್ಣದೇ ಅಲ್ವಾ? ನೀರು ಅಲ್ಲಿ ಹಿಡಿದುಕೊಂಡು ಕೂರುತ್ತೆ, ಇಳಿಯಲ್ಲ. ಜೇಡಿಮಣ್ಣಿನಲ್ಲಿ ಗಂಟೆಗೆ 1ರಿಂದ 5 ಮಿ.ಮೀ. ನೀರು ಇಂಗಿದರೆ ಹೆಚ್ಚು. ಲೆಕ್ಕ ಹಾಕಿ ನೋಡಿ. ಒಂದು ಚದರ ಮೀಟರ್ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್. ಹಿತ್ತಲು 50 ಚದರ ಮೀಟರ್, ಒಂದು ಗಂಟೆಯಲ್ಲಿ 30 ಮಿ.ಮೀ. ಮಳೆ ಅಂದರೆ 1,500 ಲೀಟರ್. ಜೇಡಿ ತುಂಬಾ ಉದಾರ ಮನಸ್ಸು ಮಾಡಿದರೂ ಕುಡಿಯುವುದು 250 ಲೀಟರ್. ಉಳಿದ 1,250 ಲೀಟರ್ ನಿಮ್ಮ ಚಂದದ ಹುಲ್ಲಿನ ಕೆಳಗೇ ಈಜಾಡುತ್ತಿರುತ್ತೆ. ಹಾಸುವ ಮೊದಲು ನೆಲವನ್ನು ದಮ್ಮಸು ಬೇರೆ ಮಾಡಿರುತ್ತಾರೆ, ಇಂಗುವುದು ಇನ್ನೂ ಕಡಿಮೆ.

ತಮಾಷೆ ಏನು ಗೊತ್ತಾ? ಈ ಹುಲ್ಲು ಹೆಸರು ಮಾಡಿದ್ದೇ ಮಳೆ ಬೀಳದ ಜಾಗದಲ್ಲಿ. ಅಮೆರಿಕದ ಹ್ಯೂಸ್ಟನ್‌ನಲ್ಲಿ ಆಸ್ಟ್ರೋಡೋಮ್ ಅಂತ ಸೂರು ಇರುವ ಸ್ಟೇಡಿಯಂ ಇದೆ. ಸೂರಿನಿಂದ ಬರುವ ಬೆಳಕು ಕಣ್ಣಿಗೆ ಹೊಡೆದು ಆಟಗಾರರಿಗೆ ಚೆಂಡೇ ಕಾಣುತ್ತಿರಲಿಲ್ಲ. ಸೂರಿಗೆ ಬಣ್ಣ ಬಳಿದರು. ಬಿಸಿಲಿಲ್ಲದೆ ಒಳಗಿನ ಹುಲ್ಲು ಸತ್ತಿತು. 1966ರಲ್ಲಿ ಕೃತಕ ಹುಲ್ಲು ಹಾಸಿದರು, ಅದಕ್ಕೆ ಆಸ್ಟ್ರೋಟರ್ಫ್ ಅನ್ನುವ ಹೆಸರೂ ಅಲ್ಲಿಂದಲೇ ಬಂತು. ಅಂಥದ್ದನ್ನು ತಂದು ಮಳೆಗೆ ಒಡ್ಡುವಾಗ ಕೆಳಗಿನ ಕೆಲಸ ನಾವೇ ಮಾಡಿಕೊಳ್ಳಬೇಕು.

ಎರಡನೇ ಸಲ ನಾನು ಮೊದಲು ಒಂದು ಗುಂಡಿ ತೆಗೆದೆ. 30 ಸೆಂ.ಮೀ. ಆಳ. ನೀರು ತುಂಬಿಸಿ ರಾತ್ರಿಯಿಡೀ ನೆನೆಯಲು ಬಿಟ್ಟೆ. ಬೆಳಿಗ್ಗೆ ಮತ್ತೆ ತುಂಬಿಸಿ ಒಳಗೆ ಒಂದು ಸ್ಕೇಲ್ ನಿಲ್ಲಿಸಿದೆ. ಗಂಟೆಗೆ ಎರಡೂವರೆ ಸೆಂ.ಮೀ. ಆದರೂ ಇಳಿಯದಿದ್ದರೆ ನೆಲವನ್ನು ನಂಬಬೇಡಿ. ನಮ್ಮದು ಸಂಜೆಯವರೆಗೂ ಅಷ್ಟು ಇಳಿಯಲಿಲ್ಲ.

ಆಗ ಬಂದ ಸಲಹೆಗಳಿಗೆ ಲೆಕ್ಕವಿಲ್ಲ. ಜೇಡಿಗೆ ಒಂದಿಷ್ಟು ಮರಳು ಬೆರೆಸಿ ಅಂದವರು ಬಹಳ ಜನ. ಬೇಡ, ಅದು ಒಣಗಿದ ಮೇಲೆ ಇಟ್ಟಿಗೆ ಥರ ಆಗುತ್ತೆ. ಇಂಗುಗುಂಡಿ ತೆಗೆಸಿ ಅಂದರು. ಅದರ ತಳದಲ್ಲಿರುವುದೂ ಅದೇ ಜೇಡಿ ತಾನೆ? ಎರಡು ಮಳೆಗೆ ತುಂಬಿ ಬಾವಿ ಆಗುತ್ತೆ. ಜಲ್ಲಿ ಜಾಸ್ತಿ ಹಾಕಿ ಅನ್ನುವವರದ್ದು ಮಾತ್ರ ಅರ್ಧ ಸತ್ಯ. 10ರಿಂದ 15 ಸೆಂ.ಮೀ. ಜಲ್ಲಿ ಬೇಕೇ ಬೇಕು, ಪುಡಿ ಇಲ್ಲದ ತೊಳೆದ ಜಲ್ಲಿ. ಆದರೆ ನೀರು ಹೊರಗೆ ಹೋಗುವ ದಾರಿ ಇಲ್ಲದಿದ್ದರೆ ಅದೂ ಜಲ್ಲಿ ತುಂಬಿದ ತೊಟ್ಟಿ ಅಷ್ಟೇ.

ಹಾಗಾಗಿ ಈ ಸಲ ಕೆಲಸ ಶುರು ಮಾಡಿದ್ದು ಕೊನೆಯಿಂದ. ಜಾಗದಲ್ಲಿ ಎಲ್ಲಕ್ಕಿಂತ ತಗ್ಗು ಯಾವುದು, ಅಲ್ಲಿಂದ ಪಕ್ಕದ ಮನೆಯವರ ಕಾಂಪೌಂಡಿಗೆ ನುಗ್ಗದ ಹಾಗೆ ನೀರನ್ನು ಮೋರಿಗೆ ಹೇಗೆ ಬಿಡುವುದು ಅಂತ ನೋಡಿದೆ. ಆಮೇಲೆ ಜೇಡಿಗೇ ವಾಟ ಕೊಟ್ಟೆವು. ಒಂದು ಮೀಟರಿಗೆ 2 ಸೆಂ.ಮೀ., ಮನೆಯ ಗೋಡೆಯಿಂದ ಆಚೆಗೆ. ಮೇಲೆ ಹುಲ್ಲಿಗೆ ಮಾತ್ರ ವಾಟ ಕೊಟ್ಟರೆ ಸಾಲದು, ನೀರು ಜಾರುವುದು ಜೇಡಿಯ ಮೇಲೆ. ತಗ್ಗಿನ ಅಂಚಿಗೆ ಕಾಲುವೆ ತೋಡಿ, ತೂತಿನ ಪೈಪ್ ಮಲಗಿಸಿ, ಸುತ್ತ ಜಲ್ಲಿ ತುಂಬಿದೆವು. ತೂತು ಕೆಳಮುಖ. ಇದಕ್ಕೆ ಫ್ರೆಂಚ್ ಡ್ರೇನ್ ಅನ್ನುತ್ತಾರೆ. ಫ್ರಾನ್ಸಿಗೂ ಇದಕ್ಕೂ ಸಂಬಂಧ ಇಲ್ಲ, ಹೊಲದ ನೀರು ಬಸಿಯುವ ಬಗ್ಗೆ 1859ರಲ್ಲಿ ಬರೆದ ಹೆನ್ರಿ ಫ್ರೆಂಚ್ ಅನ್ನುವ ಅಮೆರಿಕನ್ನನ ಹೆಸರು ಅದು.

ಜೇಡಿಗೂ ಜಲ್ಲಿಗೂ ನಡುವೆ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿ. ನೀರು ಬಿಡುತ್ತೆ, ಮಣ್ಣು ಬಿಡಲ್ಲ. ಮೊದಲ ಸಲ ನಮ್ಮ ಜಲ್ಲಿ ಮುಳುಗಿದ್ದು ಈ ಒಂದು ಪದರ ಇಲ್ಲದ್ದಕ್ಕೆ. ಕಳೆ ಬರಬಾರದು ಅಂತ ಪ್ಲಾಸ್ಟಿಕ್ ಶೀಟ್ ಹಾಸಲು ಬಂದರೆ ಮಾತ್ರ ತಡೆಯಿರಿ. ಬೇಸಿಗೆಯ ಕಥೆ ಬೇರೆಯೇ ಇದೆ: ಜೇಡಿ ಒಣಗಿ ಬಿರುಕು ಬಿಡುತ್ತೆ, ಹುಲ್ಲು ಬಿಸಿಲಿಗೆ 60 ಡಿಗ್ರಿ ದಾಟಿ ಕಾಯುತ್ತೆ. ಅದನ್ನು ಇನ್ನೊಂದು ಸಲ ಬರೆಯುತ್ತೇನೆ.

ಎಷ್ಟು ಹುಡುಕಿದರೂ ನೀರು ಬಿಡಲು ತಗ್ಗು ಜಾಗ ಸಿಗದಿದ್ದರೆ? ನನ್ನ ಕೇಳಿದರೆ, ಆಸೆ ಬಿಟ್ಟು ಗಿಡ ನೆಡಿ. ಬೇರಾದರೂ ಜೇಡಿಯನ್ನು ಸೀಳಿ ನೀರಿಗೆ ಸಂದಿ ಮಾಡುತ್ತೆ.

ಮೊನ್ನೆ ಮಳೆ ಬಂದಾಗ ಕೊಡೆ ಹಿಡಿದು ಪೈಪಿನ ಬಾಯಿ ಹತ್ತಿರ ಕೂತಿದ್ದೆ. ಮೊದಲು ಕಂದು ನೀರು ತೊಟ್ಟಿಕ್ಕಿತು. ಸ್ವಲ್ಪ ಹೊತ್ತಿಗೆ ತಿಳಿಯಾಗಿ ಹೆಬ್ಬೆರಳು ಗಾತ್ರದ ಧಾರೆ. ಮಳೆ ನಿಂತ ಮೇಲೂ ಮುಕ್ಕಾಲು ಗಂಟೆ ಹರಿಯಿತು. "ಇನ್ನೂ ಎಷ್ಟೊತ್ತು ಅಲ್ಲೇ ಕೂತಿರ್ತೀರಿ?" ಅಂತ ಒಳಗಿನಿಂದ ಎರಡು ಸಲ ಕೂಗಾಯಿತು. ನಿಲ್ಲುವ ತನಕ ಏಳಲಿಲ್ಲ.