ಗುರಿಯ ಸಂಖ್ಯೆ ಅಂಟಿಸಿದ ಮಾತ್ರಕ್ಕೆ ಕೆಲಸ ಗುರಿಗೆ ಹೊಂದುವುದಿಲ್ಲ

ಸಣ್ಣ ಸ್ವಯಂಸೇವಾ ಸಂಸ್ಥೆಗಳಿಗೆಂದು ಮೊನ್ನೆ ಬೆಂಗಳೂರಿನಲ್ಲಿ ನಡೆದ ಒಂದು ತರಬೇತಿಗೆ ಹೋಗಿ ಬಂದೆ. ಅಲ್ಲಿ ಹತ್ತಿದ ಸಿಟ್ಟು ಇನ್ನೂ ಇಳಿದಿಲ್ಲ. ನಮ್ಮ ಕೆಲಸವನ್ನು ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳಿಗೆ ಹೊಂದಿಸುವುದು ಹೇಗೆ ಎಂಬುದು ಅಂದಿನ ವಿಷಯ. ಕೋಲಾರದ ಕಡೆ ಕೆರೆಗಳ ಹೂಳೆತ್ತಿಸುವ ಕೆಲಸದಲ್ಲಿರುವ ಒಬ್ಬ ಹೆಣ್ಣುಮಗಳು ಎದ್ದು ನಿಂತು, "ಮೇಡಂ, ನಮ್ಮದು ಆರನೇ ಗುರಿಗೆ ಬರುತ್ತದೋ, ಹದಿನೈದನೆಯದಕ್ಕೋ?" ಎಂದು ಕೇಳಿದರು. ಆರನೆಯದು ನೀರು, ನೈರ್ಮಲ್ಯದ ಗುರಿ; ಹದಿನೈದನೆಯದು ನೆಲದ ಮೇಲಿನ ಜೀವಸಂಕುಲದ್ದು. "ನಿಮಗೆ ಹಣ ಕೊಡುವವರು ಯಾವುದನ್ನು ಇಷ್ಟಪಡುತ್ತಾರೋ ಅದನ್ನು ಹಾಕಿ, ಎರಡೂ ಹಾಕಿದರೂ ನಡೆಯುತ್ತದೆ" ಎಂಬ ಉತ್ತರ ಬಂತು. ಉಳಿದ ಹೊತ್ತೆಲ್ಲ ವರದಿಯ ಯಾವ ಪುಟದಲ್ಲಿ ಯಾವ ಗುರಿಯ ಚಿಹ್ನೆಯಾದ ಬಣ್ಣದ ಚೌಕ ಇರಬೇಕೆಂಬುದರಲ್ಲೇ ಕಳೆದುಹೋಯಿತು.

ಇಂಥ ಸಂಸ್ಥೆಗಳ ವರದಿ, ಲೆಕ್ಕಪತ್ರಗಳ ನಡುವೆಯೇ ನನ್ನ ದುಡಿಮೆಯ ಕಾಲ ಕಳೆದಿರುವುದು ನಿಮಗೆಲ್ಲ ಗೊತ್ತು. ಆ ಅನುಭವದ ಮೇಲೆಯೇ ಹೇಳುತ್ತಿದ್ದೇನೆ, ಅಂದು ಕಲಿಸಿದ್ದು ಹೊಂದಿಸುವುದನ್ನಲ್ಲ, ಅಂಟಿಸುವುದನ್ನು. 2015ರ ಸೆಪ್ಟೆಂಬರ್‌ನಲ್ಲಿ ವಿಶ್ವಸಂಸ್ಥೆಯ ಸದಸ್ಯ ರಾಷ್ಟ್ರಗಳು ಒಪ್ಪಿದ್ದು ಬರೀ 17 ಗುರಿಗಳನ್ನಲ್ಲ; ಅವುಗಳ ಕೆಳಗೆ 169 ಉಪಗುರಿಗಳಿವೆ, ಅವನ್ನು ಅಳೆಯಲು 230ಕ್ಕೂ ಹೆಚ್ಚು ಸೂಚಕಗಳಿವೆ. ದಿನವಿಡೀ ನಡೆದ ತರಬೇತಿಯಲ್ಲಿ ಒಂದೇ ಒಂದು ಉಪಗುರಿಯನ್ನಾದರೂ ಯಾರೂ ಓದಿ ಹೇಳಲಿಲ್ಲ.

ಓದಿದ್ದರೆ ಏನಾಗುತ್ತಿತ್ತು? ಆ ಹೆಣ್ಣುಮಗಳ ಕೆರೆಯನ್ನೇ ತೆಗೆದುಕೊಳ್ಳಿ. ಆರನೇ ಗುರಿಯ 6.6ನೇ ಉಪಗುರಿ ನದಿ, ಜೌಗು ಪ್ರದೇಶ, ಅಂತರ್ಜಲಗಳ ಜೊತೆಗೆ ಕೆರೆಗಳನ್ನೂ ಒಳಗೊಂಡ ನೀರಿನ ಪರಿಸರವನ್ನು ಕಾಪಾಡಿ ಪುನಶ್ಚೇತನಗೊಳಿಸಬೇಕು ಎನ್ನುತ್ತದೆ. ಅದಕ್ಕೆ ಇಟ್ಟ ಗಡುವು ಬಹುಪಾಲು ಉಪಗುರಿಗಳಂತೆ 2030 ಅಲ್ಲ, 2020. ಅದು ಮುಗಿದು ವರ್ಷಗಳೇ ಆದವು. ಈ ಉಪಗುರಿಯನ್ನು ನಿಜವಾಗಿ ಒಪ್ಪಿಕೊಂಡ ಸಂಸ್ಥೆ ಹೂಳೆತ್ತಿದ ಟ್ರ್ಯಾಕ್ಟರ್ ಲೋಡುಗಳನ್ನಷ್ಟೇ ಎಣಿಸಿ ಸುಮ್ಮನಾಗಲಾರದು. ರಾಜಕಾಲುವೆ ಒತ್ತುವರಿಯಾಗಿದೆಯೇ, ತೂಬು, ಕೋಡಿ ಸರಿಯಿವೆಯೇ, ಜೆಸಿಬಿ ಕೆರೆಯಂಗಳದಲ್ಲಿ ಮನಸ್ಸಿಗೆ ಬಂದ ಕಡೆ ಆಳದ ಗುಂಡಿ ತೋಡಿ ದನಕರು ನೀರಿಗಿಳಿಯದಂತೆ ಮಾಡಿದೆಯೇ ಎಂದು ನೋಡಲೇಬೇಕಾಗುತ್ತದೆ. ನೀರಿನ ನಿರ್ವಹಣೆಯಲ್ಲಿ ಸ್ಥಳೀಯ ಸಮುದಾಯಗಳ ಪಾಲುದಾರಿಕೆಯನ್ನು ಬಲಪಡಿಸಬೇಕು ಎನ್ನುವ ಇನ್ನೊಂದು ಉಪಗುರಿಯೂ ಅಲ್ಲೇ ಇದೆ. ಅದನ್ನು ಓದಿದವರಿಗೆ ನೀರುಗಂಟಿಯ ನೆನಪಾಗಬೇಕು. ತಲೆಮಾರುಗಳಿಂದ ತೂಬು ಎತ್ತಿ, ಇಳಿಸಿ, ಅಚ್ಚುಕಟ್ಟಿನ ಗದ್ದೆಗಳಿಗೆ ನೀರು ಹಂಚಿದವರು ಬಹುಪಾಲು ದಲಿತ ಕುಟುಂಬಗಳವರು. ಕೆರೆ ಅಭಿವೃದ್ಧಿ ಸಮಿತಿಯ ಹಾಜರಿ ಪುಸ್ತಕದಲ್ಲಿ ಅವರ ಹೆಸರು ಇದೆಯೇ?

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ನೀರಿನ ಗುರಿಯ ಕೆಳಗೆ ಸಿಗುವುದೇ ಇಲ್ಲ. ಅದು ಬಡತನದ ಮೊದಲನೇ ಗುರಿಯ 1.4ರಲ್ಲಿದೆ. ಬಡವರಿಗೂ ದುರ್ಬಲರಿಗೂ ಭೂಮಿ ಮತ್ತು ನೈಸರ್ಗಿಕ ಸಂಪತ್ತಿನ ಮೇಲೆ ಸಮಾನ ಹಕ್ಕು ಇರಬೇಕು ಎಂಬ ಮಾತು ಅದು. ಕೆರೆಯಿಂದ ಎತ್ತಿದ ಹೂಳು, ಅಂದರೆ ಗೋಡು, ಫಲವತ್ತಾದ ಮಣ್ಣು. ಅದನ್ನು ಸಾಗಿಸಲು ಟ್ರ್ಯಾಕ್ಟರ್ ಬೇಕು, ಹಾಕಿಕೊಳ್ಳಲು ಹೊಲ ಬೇಕು. ಎರಡೂ ಇದ್ದವರ ಹೊಲಕ್ಕೆ ಗೋಡು ಹೋಗುತ್ತದೆ. ಕೆರೆಯಂಗಳದಲ್ಲಿ ಕುರಿ ಮೇಯಿಸಿಕೊಂಡಿದ್ದ ಭೂಮಿಯಿಲ್ಲದ ಮನೆಗೆ ಏನೂ ಹೋಗುವುದಿಲ್ಲ. ಯಾರನ್ನೂ ಹಿಂದೆ ಬಿಡಬಾರದು ಎಂಬುದು ಈ ಇಡೀ ಒಪ್ಪಂದದ ಮೂಲಪ್ರತಿಜ್ಞೆ. ವರದಿಯ ಮೇಲೆ ಆರನೇ ಗುರಿಯ ನೀಲಿ ಚೌಕ ಎಷ್ಟು ದೊಡ್ಡದಾಗಿದ್ದರೂ ಹಿಂದೆ ಉಳಿದ ಆ ಮನೆಯನ್ನು ಅದು ತೋರಿಸುವುದಿಲ್ಲ.

ಸಂಖ್ಯೆ ಹಾಕದಿದ್ದರೆ ಹಣ ಬರುವುದಿಲ್ಲ, ಆದರ್ಶದಿಂದ ಸಂಬಳ ಕೊಡಲಾಗುವುದಿಲ್ಲ ಎಂದು ಗೆಳೆಯರೊಬ್ಬರು ಊಟದ ಹೊತ್ತಿನಲ್ಲಿ ವಾದಿಸಿದರು. ಸಂಬಳದ ಕಷ್ಟ ನನಗೂ ಗೊತ್ತು, ಅದನ್ನು ಹಗುರವಾಗಿ ಕಾಣುವುದಿಲ್ಲ. ಆದರೆ ನಿಗದಿತ ಮಟ್ಟಕ್ಕಿಂತ ದೊಡ್ಡ ಕಂಪನಿಗಳು ತಮ್ಮ ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕೆಂದ ಕಾಯ್ದೆ ಬಂದದ್ದು 2013ರಲ್ಲಿ, ಈ ಗುರಿಗಳಿಗಿಂತ ಮೊದಲೇ. ಯಾವ ಬಾಬ್ತಿಗೆ ಖರ್ಚು ಮಾಡಬಹುದೆಂದು ಹೇಳುವುದು ಆ ಕಾಯ್ದೆಯ ಏಳನೇ ಅನುಸೂಚಿಯೇ ಹೊರತು 17 ಚೌಕಗಳಲ್ಲ. ಚೌಕ ಕೇಳುವುದು ಕೊಡುವವರ ರೂಢಿ. ರೂಢಿಯನ್ನು ಪ್ರಶ್ನಿಸುವ ಧೈರ್ಯವನ್ನು ಸಣ್ಣ ಸಂಸ್ಥೆಗಳಿಗೆ ತುಂಬಬೇಕಾದವರೇ ಅದನ್ನು ಪಾಠ ಮಾಡಿ ಕಲಿಸಿದರೆ ಅದು ಎಂಥ ನೆರವು?

ಇನ್ನೊಂದು ಅಪಾಯವೂ ಇದೆ. ಒಂದು ಗುರಿಗೆ ಮಾಡಿದ ಕೆಲಸ ಇನ್ನೊಂದನ್ನು ಕೆಡಿಸಬಹುದು. ಕೋಲಾರ, ಚಿಕ್ಕಬಳ್ಳಾಪುರದ ಬಯಲಿನಲ್ಲಿ ನೀಲಗಿರಿ ನೆಟ್ಟದ್ದನ್ನೂ ಒಂದು ಕಾಲದಲ್ಲಿ ಹಸಿರು ಬೆಳೆಸುವ ಕೆಲಸವೆಂದೇ ಕರೆದಿದ್ದರು. ಅಂತರ್ಜಲ ಪಾತಾಳಕ್ಕಿಳಿದ ನಾಡಿನಲ್ಲಿ ಅದು ಇದ್ದ ತೇವವನ್ನೂ ಹೀರಿತೆಂದು ರೈತರು ವರ್ಷಗಟ್ಟಲೆ ಕೂಗಿದರು. ಮರ ಎಣಿಸುವ ಗುರಿಯೊಂದನ್ನೇ ನೋಡುವ ವರದಿಯಲ್ಲಿ ಆ ಕೂಗಿಗೆ ಜಾಗವಿಲ್ಲ.

ನನ್ನ ಕೋರಿಕೆ ಇಷ್ಟು. ಕೇಂದ್ರದ ಪಂಚಾಯತ್ ರಾಜ್ ಸಚಿವಾಲಯ ಈ 17 ಗುರಿಗಳನ್ನು ಗ್ರಾಮ ಪಂಚಾಯಿತಿಗಳಿಗಾಗಿ ಒಂಬತ್ತು ವಿಷಯಗಳಾಗಿ ಒಗ್ಗೂಡಿಸಿದೆ, ಅವುಗಳಲ್ಲಿ ನೀರಿನ ಕೊರತೆಯಿಲ್ಲದ ಗ್ರಾಮ ಎಂಬುದೂ ಒಂದು. ಸಂಸ್ಥೆಗಳು ತಮ್ಮ ಉಪಗುರಿಗಳನ್ನು ದಾನಿಯ ಕಚೇರಿಯಲ್ಲಿ ಕುಳಿತು ಆರಿಸುವ ಬದಲು ಗ್ರಾಮಸಭೆಯಲ್ಲಿ ಕನ್ನಡದಲ್ಲಿ ಓದಿಸಿ, ಪಂಚಾಯಿತಿಯ ಅಭಿವೃದ್ಧಿ ಯೋಜನೆಯ ಪಕ್ಕದಲ್ಲಿಟ್ಟು ಆರಿಸಲಿ. ನನ್ನ ಗೆಳೆಯರ ಬಳಗದಲ್ಲಿ ಕೆರೆಯ ಕೆಲಸ ಮಾಡುವ ಸಂಸ್ಥೆಯವರು ಯಾರಿದ್ದರೂ ಸಂದೇಶ ಕಳಿಸಿ, ಒಟ್ಟಿಗೆ ಕುಳಿತು ಓದೋಣ. ಬರುವಾಗ ವಾರ್ಷಿಕ ವರದಿ ಬೇಡ, ಗೋಡು ಯಾರ ಯಾರ ಹೊಲಕ್ಕೆ ಹೋಯಿತೆಂಬ ಪಟ್ಟಿ ತನ್ನಿ.